ಬಚ್ಚಲದಾಗಿನ ಕುರ್ಚಿ

ಕೇಳ್ರೆಪಾ ಗೆಳ್ಯಾರ, ಹೋದ ವಾರ ನಮ್ಮವ್ವ ಬಚ್ಚಲದಾಗ ಜಾರಿ ಬಿದ್ಲು. ಅದಕ್ಕ ಇವತ್ತ ಮುಂಜಾನೆ ಗ್ವಾಡಿಗಿ ಕಬ್ಬಣದ ಹಿಡಿಕಿ ಬಡಿಸಿ, ಅದರ ಬಾಜೂಕ ಪ್ಲಾಸ್ಟಿಕ್ ಕುರ್ಚಿ ಇಟ್ಟೆ. "ಯವ್ವಾ, ಇನ್ನ ಕುಂತ ಜಳಕ ಮಾಡಬೇ" ಅಂದೆ.

ಅಕಿ ಬಾಗಿಲದಾಗ ನಿಂತ್ಲು. "ನಮ್ಮ ಮಂದ್ಯಾಗ ಸತ್ತವರನ್ನ ಹಿಂಗ ಗ್ವಾಡಿಗಿ ಕುಂಡ್ರಿಸಿ ಮೈ ತೊಳಿತಾರ. ನಿನಗ ಇಷ್ಟ ಅವಸರ ಆತೇನೋ?"

ಅಕೀನ ನಗಸಾಕಂತ ನಾನ ಅಂಗಿ ಹಾಕ್ಕೊಂಡ ಆ ಕುರ್ಚಿ ಮ್ಯಾಲ ಕುಂತು, ಒಂದ ತಂಬಿಗಿ ನೀರ ತಲಿಮ್ಯಾಲ ಸುರುಕೊಂಡೆ. "ನೋಡಬೇ, ನಾ ಸತ್ತೇನೇನ?"

ಅವ್ವ ನಗಲಿಲ್ಲ. "ಏಳೋ ಭಾಡ್ಯಾ. ನನಗಿಂತ ಮೊದಲ ನೀ ಅಲ್ಲಿ ಕುಂಡ್ರಬ್ಯಾಡ" ಅಂತ ನನ್ನ ಎಬ್ಬಿಸಿ ತಾನ ಕುಂತ್ಲು.

ಜಳಕ ಆತು. ಹಿಡಿಕಿ ಗಟ್ಟಿ ಐತ್ರೆಪಾ, ನಾನ ಸಡ್ಲಾಗೇನಿ.