ದ್ರಾಕ್ಷಿ ತುಳಿಯುವ ತೊಟ್ಟಿ

ಮಧುಗಿರಿ ಬೆಟ್ಟವನ್ನು ಅರ್ಧ ಹತ್ತಿ ಇಳಿದಿದ್ದಕ್ಕೇ ನನ್ನ ಪಾದಗಳು ಊದಿಕೊಂಡಿದ್ದವು. ಕೊರಟಗೆರೆ ದಾರಿಯ ದ್ರಾಕ್ಷಿ ತೋಟಕ್ಕೆ ಬಂದಾಗ ಎಲ್ಲಾದರೂ ಕೂತರೆ ಸಾಕು ಅನ್ನಿಸಿತ್ತು. ಕಾರಿನಲ್ಲಿ ನಿದ್ದೆಹೋಗಿದ್ದ ನಮ್ಮ ಮನೆಯವರನ್ನು ಎಬ್ಬಿಸುವ ತ್ರಾಣವೂ ಇರಲಿಲ್ಲ. ವೈನ್ ಮಾಡುವ ಈ ತೋಟದಲ್ಲಿ ಪ್ರವಾಸಿಗರು ಮರದ ತೊಟ್ಟಿಗಿಳಿದು ದ್ರಾಕ್ಷಿ ತುಳಿಯಬಹುದು. ತುಳಿಯುವವರ ಕಾಲು ತೊಳೆಯಲು ಗಂಗಮ್ಮ ಎಂಬ ವಯಸ್ಸಾದ ಹೆಂಗಸು ಚೊಂಬು ಹಿಡಿದು ತಗಡಿನ ನೆರಳಲ್ಲಿ ಕೂತಿದ್ದರು.

ಬಂದವರಲ್ಲಿ ಯಾರೂ ಮುಂದಾಗಲಿಲ್ಲ. ತೋಟದ ಮೇಸ್ತ್ರಿ ಗಂಗಮ್ಮನಿಗೆ, "ನೀನೇ ಒಂದ್ಸಲ ತುಳಿದು ತೋರ್ಸಮ್ಮ" ಎಂದ.

"ತಿನ್ನೋ ಪದಾರ್ಥ ಕಣಣ್ಣ. ನನ್ ಕೈಲಿ ಆಗಾಕಿಲ್ಲ."

"ಹಂಗಾದ್ರೆ ನಾಳೆಯಿಂದ ಬಿಸ್ಲಲ್ಲಿ ಕಳೆ ಕೀಳಾಕೋಗು. ನೆಳ್ಳಿನ ಕೆಲ್ಸ ಬ್ಯಾರೆಯೋರಿಗೆ ಕೊಡ್ತೀನಿ."

ಗಂಗಮ್ಮ ಮಂಡಿ ನೀವಿಕೊಂಡರು, ಏಳಲಿಲ್ಲ. ಕಾನ್ವೆಂಟಿನಲ್ಲಿ ಪುಸ್ತಕಕ್ಕೆ ಕಾಲು ತಗುಲಿದರೆ ಸಿಸ್ಟರ್‌ಗೆ ಕಾಣದಂತೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದವಳು ನಾನು. ಆದರೂ "ನಾನು ಇಳಿಯುತ್ತೇನೆ" ಎಂದು ಚಪ್ಪಲಿ ಬಿಟ್ಟೆ. ನನ್ನ ಹಿಂದೆ ಇನ್ನಿಬ್ಬರು ಬಂದರು. ಮೇಸ್ತ್ರಿ ಗಂಗಮ್ಮನನ್ನು ಬಿಟ್ಟು ನಮ್ಮ ಕಡೆ ತಿರುಗಿದ.

ದ್ರಾಕ್ಷಿ ತಣ್ಣಗಿತ್ತು. ನೋಯುವ ಪಾದಗಳಿಗೆ ಎಷ್ಟು ಹಿತವಾಯಿತೆಂದರೆ ನನಗೇ ನಾಚಿಕೆಯಾಯಿತು.

ಹೊರಬಂದಾಗ ಗಂಗಮ್ಮ ಕಾಲಿಗೆ ನೀರು ಹುಯ್ದರು. ಬೆರಳ ಸಂದಿಯಲ್ಲಿ ಸಿಕ್ಕಿಕೊಂಡಿದ್ದ ಒಂದು ಹಣ್ಣನ್ನು ಬಿಡಿಸಿ, ಕಣ್ಣಿಗೊತ್ತಿಕೊಂಡು, ಪಕ್ಕದ ಬಳ್ಳಿಯ ಬುಡದಲ್ಲಿ ಇಟ್ಟರು.

"ನಿಮ್ ಪರವಾಗಿ ನಾನೇ ತಪ್ಪಾಯ್ತು ಅಂತ ಕೇಳ್ಕಂಡೆ ಬುಡಿ ಅಮ್ಮಾವ್ರೆ" ಎಂದು ಮೆಲ್ಲಗೆ ಹೇಳಿದರು. "ಇನ್ನೊಂದು ಕಾಲು ಕೊಡಿ."