ಗಟ್ಟಿಮೇಳವಿಲ್ಲದ ಗಳಿಗೆ

“ಅಪ್ಪಾ, ಮಾರ್ಚ್‌ಗೆ ಮದರ್ ಒಪ್ತಾ ಇಲ್ಲ.”

ಫೋನಿನಲ್ಲಿ ಮಗಳು ಹೀಗೆಂದಾಗ ನಾನು ಇಂಡಿಯಾನಾ ದಾಟಿ ಮಿಶಿಗನ್ ಸೇರಿದ್ದೆ. ಅವಳಮ್ಮ ತೀರಿಕೊಂಡ ಮೇಲಿನ ಎರಡನೆಯ ಚಳಿಗಾಲ ಅದು. ಮುಂದಿನ ಎಕ್ಸಿಟ್‌ನಲ್ಲಿ ಇಳಿದು, ಗ್ಯಾಸ್ ಸ್ಟೇಷನ್ ಮುಂದೆ ಕಾರು ನಿಲ್ಲಿಸಿ, “ಯಾರು ಒಪ್ತಾ ಇಲ್ಲ ಅಂದೆ?” ಎಂದು ಕೇಳಿದೆ.

“ಮದರ್ ಅಪ್ಪಾ, ಚರ್ಚ್‌ದು ಪ್ರೀಸ್ಟ್. ಲೇಡಿ ಪ್ರೀಸ್ಟ್ ಅಲ್ವಾ, ಅದಕ್ಕೆ ಎಲ್ಲಾರೂ ಮದರ್ ಅಂತಾರೆ. ಮಾರ್ಚ್ ಫುಲ್ ಲೆಂಟ್ ಅಂತೆ. ಆಗ ವೆಡ್ಡಿಂಗ್ ಮಾಡಲ್ವಂತೆ.”

ಲೆಂಟ್ ಎಂದರೆ ಈಸ್ಟರ್‌ಗೆ ಮೊದಲಿನ ಉಪವಾಸದ ವಾರಗಳು, ನಮ್ಮ ಆಷಾಢ ಇದ್ದಂತೆ. ಮದುವೆ ಮೇ ತಿಂಗಳಿಗೆ ಹೋಯಿತು. ಅದರಲ್ಲಿ ಗಾಬರಿಯಾಗುವಂಥದ್ದು ಏನೂ ಇರಲಿಲ್ಲ. ಆದರೆ ಈ ಮದುವೆಗೆ ಒಪ್ಪದೇ ಹೋದ ತಾಯಿ ಒಬ್ಬಳು ನಿಜವಾಗಿಯೂ ಇದ್ದಳು, ಮತ್ತು ಅದು ನನಗೊಬ್ಬನಿಗೇ ಗೊತ್ತಿತ್ತು.

ಹುಡುಗ ಮಗಳ ಜೊತೆ ಓದಿದವನು, ಎಪಿಸ್ಕೋಪಲ್ ಪಂಥದ ಕ್ರೈಸ್ತ ಮನೆತನದವನು. ಮಗಳು ಅವನ ವಿಷಯವನ್ನು ಮೊದಲು ನನಗೆ ಹೇಳಿದಳು, ನಾನು ನನ್ನ ಹೆಂಡತಿಗೆ ಹೇಳಿದೆ. ಅವಳು ಸಾರಿಗೆ ಒಗ್ಗರಣೆ ಹಾಕುತ್ತಿದ್ದಳು. ತಿರುಗಿ ಕೂಡ ನೋಡಲಿಲ್ಲ.

“ಚರ್ಚ್‌ನಲ್ಲಾ? ಗಟ್ಟಿಮೇಳ ಇಲ್ದೆ ಮದ್ವೇನಾ? ನಾನು ಬದುಕಿರೋವರ್ಗೂ ಅದು ನಡಿಯಲ್ಲ. ಹೇಳ್ಬಿಡಿ ಅವಳಿಗೆ.”

ಹೇಳಿ, ಮೆಣಸಿನಕಾಯಿ ಘಾಟಿಗೆ ಒಂದು ಸಲ ಸೀನಿದಳು. ಅವಳ ಕೋಪ ಎಂದೂ ವಾರಕ್ಕಿಂತ ಹೆಚ್ಚು ಉಳಿದದ್ದಿಲ್ಲ; ಇಳಿಯಲಿ, ಆಮೇಲೆ ಮಾತಾಡಿದರಾಯಿತು ಎಂದು ನಾನು ಮಗಳಿಗೆ ಏನೂ ಹೇಳಲಿಲ್ಲ. ಕೋಪ ಇಳಿಯುವಷ್ಟರಲ್ಲಿ ಕಾಯಿಲೆ ಹಿಡಿಯಿತು. ಆಮೇಲೆ ಮನೆಯಲ್ಲಿ ಸ್ಕ್ಯಾನು, ಔಷಧಿ ಬಿಟ್ಟರೆ ಬೇರೆ ಮಾತಿರಲಿಲ್ಲ. ಕೊನೆಗೆ ಅವಳು ಹೇಳಿದಂತೆಯೇ ಆಯಿತು. ಅವಳು ಬದುಕಿರುವವರೆಗೂ ಆ ಮದುವೆ ನಡೆಯಲಿಲ್ಲ.

ಅವಳ ಸೀನಿನ ಬಗ್ಗೆ ಹೇಳಲೇಬೇಕು. ಒಂದೇ ಸೀನು, ಕೊನೆಯಲ್ಲಿ ಬಾಗಿಲು ಕಿರುಗುಟ್ಟಿದಂಥ ಸಣ್ಣ ಎಳೆ. ಒಂಟಿ ಸೀನು ಅಪಶಕುನ ಎಂದು ಮನಸಾರೆ ನಂಬಿದವಳಿಗೇ ದೇವರು ಜೀವಮಾನವಿಡೀ ಒಂಟಿ ಸೀನು ದಯಪಾಲಿಸಿದ್ದ. ನಾನು ಆಫೀಸಿಗೆ ಹೊರಟಾಗ ಸೀನಿದರೆ ತಾನೇ ವಾಪಸು ಕರೆದು, ಕೂರಿಸಿ, ನೀರು ಕುಡಿಸಿ ಕಳಿಸುತ್ತಿದ್ದಳು. ಮಗಳು ಸೀನಿದರೆ ಮಾತ್ರ ಶಕುನವೆಲ್ಲ ಮರೆತು, ಯಾವ ಕೋಣೆಯಲ್ಲಿದ್ದರೂ ಅಲ್ಲಿಂದಲೇ “ಚಿರಂಜೀವಿ” ಎಂದು ಕೂಗುತ್ತಿದ್ದಳು. ಅದು ಅವಳ ಖಾತೆ. ನಾನು ಅದರಲ್ಲಿ ತಲೆಹಾಕಿದವನಲ್ಲ.

ನಾನು ಸದ್ದಿನ ಇಂಜಿನಿಯರು. ಕಾರಿನ ಸೀಟು ಎಲ್ಲಿ ಕಿರುಗುಡುತ್ತದೆ, ಡ್ಯಾಶ್‌ಬೋರ್ಡ್ ಎಲ್ಲಿ ಕಟಕಟ ಎನ್ನುತ್ತದೆ ಎಂದು ಹುಡುಕಿ ಬಾಯಿ ಮುಚ್ಚಿಸುವುದು ಮಿಶಿಗನ್ನಿನ ರಾಚೆಸ್ಟರ್ ಹಿಲ್ಸ್‌ನ ಒಂದು ಆಫೀಸಿನಲ್ಲಿ ನನ್ನ ಹೊಟ್ಟೆಪಾಡಾಗಿತ್ತು. ಕಾರು ಕೊಳ್ಳುವವರೇ ಇಲ್ಲವಾದ ಮೇಲೆ ಅದರ ಕಿರುಗುಟ್ಟುವಿಕೆ ಯಾರಿಗೆ ಬೇಕು? ಆಫೀಸು ಮುಚ್ಚಿತು. ಅಲೆದು ಅಲೆದು ಕೊನೆಗೆ ಇಂಡಿಯಾನಾದಿಂದಾಚೆ ಎಲ್ಕ್ ಗ್ರೋವ್ ವಿಲೇಜ್‌ನಲ್ಲಿ ಪಂಪು ತಯಾರಿಸುವ ಕಡೆ ಕಾಂಟ್ರ್ಯಾಕ್ಟ್ ಕೆಲಸ ಸಿಕ್ಕಿತು. ಅಲ್ಲಿ ದಿನವಿಡೀ ಗಡಗಡ, ನನ್ನ ಕಿವಿಗೆ ಮೂರು ಕಾಸಿನ ಬೆಲೆಯಿಲ್ಲ. ವಾರವೆಲ್ಲ ಅಲ್ಲೇ ಹತ್ತಿರದ ಸ್ಕೋಕಿಯಲ್ಲಿ ನನ್ನ ಹೆಂಡತಿಯ ಅಕ್ಕನ ಮನೆಯ ಬೇಸ್‌ಮೆಂಟು, ವಾರದ ಕೊನೆಗೆ ಡ್ರೈವ್ ಮಾಡಿಕೊಂಡು ನಮ್ಮ ಮನೆ.

ನಮ್ಮ ಬಡಾವಣೆ ಅರ್ಧ ಖಾಲಿಯಾಗಿತ್ತು. ಎದುರು ಮನೆಯವರು ಸಾಲ ಕಟ್ಟಲಾಗದೆ ಬೀಗದ ಕೈ ಬ್ಯಾಂಕಿಗೆ ಕೊಟ್ಟು ಹೋಗಿಬಿಟ್ಟಿದ್ದರು. ಅವರ ಕ್ರಿಸ್‌ಮಸ್ ದೀಪದ ಸರ ಮಾತ್ರ ಸೂರಿನಿಂದ ಜೋಲಾಡುತ್ತಿತ್ತು. ಆ ಫೋನು ಬಂದ ಸಂಜೆ ನಾನು ಮನೆಗೆ ಬಂದು ಹೀಟ್ ಏರಿಸಿದೆ. ಮನೆಗೆ ಬಿಸಿಗಾಳಿ ಊದುವ ಫರ್ನೇಸ್ ಹೊತ್ತಿಕೊಂಡಿತು. ಲಾಂಡ್ರಿ ರೂಮಿನಿಂದ ಒಂದು ಸೀನು ಕೇಳಿಸಿತು.

ನಾನು ಕಸುಬಿನವನು, ಅಷ್ಟಕ್ಕೆಲ್ಲ ಹೆದರಬಾರದು. ಟಾರ್ಚ್ ಹಿಡಿದು ಹೋದೆ. ಗಾಳಿಯ ಕೊಳವೆಯಲ್ಲೊಂದು ತಗಡಿನ ಮುಚ್ಚಳ ಸಡಿಲವಾಗಿತ್ತು. ಸ್ಕ್ರೂ ಬಿಗಿ ಮಾಡಿದೆ. ಮರುದಿನ ಬೆಳಿಗ್ಗೆ ಕಾಫಿ ಹೀರುತ್ತಿದ್ದಾಗ ಮತ್ತೆ ಕೇಳಿಸಿತು, ಕೊನೆಯ ಆ ಸಣ್ಣ ಎಳೆಯ ಸಮೇತ. ಲೋಟ ಕೆಳಗಿಟ್ಟು ಬಹಳ ಹೊತ್ತು ಅಲ್ಲೇ ಕುಳಿತೆ. ಹೆದರಿಕೆಯಾಗಿತ್ತು, ಸುಳ್ಳು ಯಾಕೆ ಹೇಳಲಿ.

ಫೆಬ್ರವರಿಯಲ್ಲಿ ಮಗಳು ನನ್ನನ್ನು ಚರ್ಚಿಗೆ ಕರೆದೊಯ್ದಳು. ಅಮ್ಮ ಇಲ್ಲದ್ದರಿಂದ ಮದುವೆಯ ಏರ್ಪಾಡಿನಲ್ಲಿ ನಮ್ಮ ಕಡೆಯ ಹಿರಿಯ ಎಂದರೆ ನಾನೇ. ಪಾದ್ರಿ ನರೆಗೂದಲಿನ ಹೆಂಗಸು, ಕೊರಳಲ್ಲಿ ಬಿಳಿ ಪಟ್ಟಿ, ಕಾಲಲ್ಲಿ ಹಿಮದ ಬೂಟು. ಮಗಳು ಮಾತುಮಾತಿಗೂ ಆಕೆಯನ್ನು ಮದರ್ ಎನ್ನುತ್ತಿದ್ದಳು. ಆ ಸಣ್ಣ ಕೋಣೆಯಲ್ಲಿ, ಮಗಳ ಬಾಯಲ್ಲಿ ಆ ಶಬ್ದ ಕೇಳಿದಾಗಲೆಲ್ಲ ನನಗೆ ಹಿಂದೆ ತಿರುಗಿ ನೋಡಬೇಕೆನ್ನಿಸುತ್ತಿತ್ತು. ನಾನು ಮೇಡಂ ಎಂದೇ ನಿಭಾಯಿಸಿದೆ.

ಪಾದ್ರಿ ಶಾಸ್ತ್ರವನ್ನೆಲ್ಲ ಒಂದೊಂದಾಗಿ ಬಿಡಿಸಿ ಹೇಳಿದರು. ಶುರುವಿನಲ್ಲೇ ಒಂದು ಪ್ರಶ್ನೆ: ಈ ಇಬ್ಬರು ಮದುವೆಯಾಗಬಾರದು ಎಂಬುದಕ್ಕೆ ತಕ್ಕ ಕಾರಣ ಯಾರಿಗಾದರೂ ಗೊತ್ತಿದ್ದರೆ ಈಗಲೇ ಹೇಳಿ, ಇಲ್ಲವಾದರೆ ಎಂದೆಂದಿಗೂ ಸುಮ್ಮನಿರಿ. ಕೇಳಿ, ಸ್ವಲ್ಪ ಹೊತ್ತು ಮೌನವಾಗಿ ಕಾಯುತ್ತಾರಂತೆ.

ನನಗೆ ಸಿಟ್ಟೇ ಬಂತು. ತಾಳಿ ಕಟ್ಟುವ ಹೊತ್ತಿಗೆ ಯಾರ ಸೀನೂ, ಯಾವ ಕೆಟ್ಟ ಮಾತೂ ಕಿವಿಗೆ ಬೀಳದಿರಲಿ ಎಂದು ನಾವು ಓಲಗ, ಡೋಲು ಎಲ್ಲವನ್ನೂ ಒಟ್ಟಿಗೆ ಬಾರಿಸಿಬಿಡುತ್ತೇವೆ. ಅದೇ ಗಟ್ಟಿಮೇಳ. ಇವರು ನೋಡಿದರೆ ಊರವರ ಬಾಯನ್ನೆಲ್ಲ ಮುಚ್ಚಿಸಿ, ಕೆಟ್ಟ ಮಾತಿಗೆ ಮಣೆ ಹಾಕಿ ಕರೆಯುತ್ತಾರೆ.

“ಆ ಹೊತ್ತಿನಲ್ಲಿ ನಮ್ಮ ಕಡೆಯ ವಾದ್ಯದ ರೆಕಾರ್ಡ್ ಹಾಕಬಹುದೇ?” ಎಂದೆ.

ಪಾದ್ರಿ ನಕ್ಕರು. ಯಾರಾದರೂ ಮಾತಾಡಿದರೆ ಕೇಳಿಸಲಿ ಎಂದೇ ಆ ಮೌನ, ವಾದ್ಯವನ್ನು ಆಮೇಲೆ ಎಷ್ಟು ಬೇಕಾದರೂ ನುಡಿಸಿ ಎಂದರು. ಆ ಪ್ರಶ್ನೆಯನ್ನೇ ಬಿಟ್ಟುಬಿಟ್ಟರೆ? ಬಿಡುವಂತಿಲ್ಲ. ಈ ಕಾಲದಲ್ಲಿ ಯಾರೂ ಏನೂ ಹೇಳುವುದಿಲ್ಲ, ಚಿಂತಿಸಬೇಡಿ ಎಂದು ಸಮಾಧಾನ ಮಾಡಿದರು.

“ಬೇಡ ಅಂದವರು ಈಗ ಬದುಕಿಲ್ಲದಿದ್ದರೆ?” ಬಾಯಿಂದ ಜಾರಿಬಿಟ್ಟಿತು.

ಅವರು ಕನ್ನಡಕ ತೆಗೆದರು. “ಯಾರು ಬೇಡ ಅಂದವರು?”

ಮಗಳು ನನ್ನ ಮುಖ ನೋಡುತ್ತಿದ್ದಳು. “ಯಾರೂ ಇಲ್ಲ, ಸುಮ್ಮನೆ ಕೇಳಿದೆ” ಎಂದೆ.

ಮೇ ತಿಂಗಳು ಬಂತು. ಮೇಪಲ್ ಮರಗಳ ಪರಾಗದ ಪುಡಿ ಕಾರುಗಳ ಮೇಲೆಲ್ಲ ಹಳದಿಯಾಗಿ ಕೂತಿತ್ತು. ಹೂವಿನ ಜವಾಬ್ದಾರಿ ಹೊತ್ತ ಬೀಗಿತ್ತಿ ಚರ್ಚಿನ ತುಂಬ ಲಿಲ್ಲಿ ಹೂವು ತುಂಬಿಸಿದ್ದರು. ಮದುವೆಯ ಬೆಳಿಗ್ಗೆ ಕಾರಿನಲ್ಲಿ ನಾನು, ಮಗಳು ಇಬ್ಬರೇ. ಅವಳು ಬಿಳಿ ಗೌನಿನ ಮೇಲೆ ಅಮ್ಮನ ಹವಳದ ಸರ ಹಾಕಿಕೊಂಡಿದ್ದಳು. ಚರ್ಚಿನ ಗೋಪುರ ಕಾಣಿಸಿದಾಗ ಕೇಳಿದಳು, “ಅಪ್ಪಾ, ಬಿ ಆನೆಸ್ಟ್. ಅಮ್ಮ ಇದಕ್ಕೆ ಓಕೆ ಅಂತಿದ್ರಾ?”

“ಪಾರ್ಕಿಂಗ್ ಆ ಕಡೆ ಅನ್ಸುತ್ತೆ” ಎಂದೆ ನಾನು. ಅವಳು ಮತ್ತೆ ಕೇಳಲಿಲ್ಲ. ಕಿಟಕಿಯ ಕಡೆ ಮುಖ ತಿರುಗಿಸಿ ಹವಳದ ಮಣಿಗಳನ್ನು ಬೆರಳಲ್ಲಿ ಉರುಳಿಸುತ್ತ ಕುಳಿತಳು.

ಕೈಹಿಡಿದು ನಡೆಸಿಕೊಂಡು ಹೋಗಿ, ಅವಳನ್ನು ಹುಡುಗನ ಪಕ್ಕದಲ್ಲಿ ಬಿಟ್ಟು, ಮುಂದಿನ ಬೆಂಚಿನಲ್ಲಿ ನಿಂತೆ. ಎಡಗಡೆ ಸ್ಕೋಕಿಯಿಂದ ಬಂದ ಅತ್ತಿಗೆ, ರೇಷ್ಮೆ ಸೀರೆಯ ಮೇಲೆ ಸ್ವೆಟರ್. ಬಲಗಡೆ ಒಬ್ಬರು ನಿಲ್ಲುವಷ್ಟು ಜಾಗವನ್ನು ಯಾರೂ ಹೇಳದೆಯೇ ಎಲ್ಲರೂ ಖಾಲಿ ಬಿಟ್ಟಿದ್ದರು. ಪಾದ್ರಿ ಆ ಪ್ರಶ್ನೆ ಕೇಳಿ, ತಲೆಯೆತ್ತಿ, ಸುಮ್ಮನಾದರು.

ಸದ್ದು ಅಳೆಯಲು ನಮ್ಮ ಹಳೆಯ ಆಫೀಸಿನಲ್ಲೊಂದು ನಿಶ್ಶಬ್ದದ ಕೋಣೆ ಇತ್ತು. ಅದರೊಳಗೆ ನಿಂತರೆ ನಮ್ಮದೇ ರಕ್ತ ಹರಿಯುವುದು ಕೇಳಿಸುತ್ತದೆ. ಈಗ ಅದೇ ಕೇಳಿಸುತ್ತಿತ್ತು. ಕಾರಣ ಗೊತ್ತಿದ್ದವನು ಆ ಜನರಲ್ಲಿ ನಾನೊಬ್ಬನೇ. ಬಲಗಡೆ ನೋಡಬಾರದು ಎಂದು ಹಲ್ಲು ಕಚ್ಚಿ ನಿಂತಿದ್ದೆ. ದಯವಿಟ್ಟು ಏನೂ ಹೇಳಬೇಡ ಮಾರಾಯ್ತಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

ಆಗ ಸೀನು ಬಂತು.

ಒಂದೇ ಸೀನು. ಕೊನೆಯಲ್ಲಿ ಅದೇ ಸಣ್ಣ ಎಳೆ. ಎಲ್ಲಿಂದ ಬಂತೆಂದು ನನ್ನಂಥ ನನಗೂ ಆ ಕ್ಷಣ ತಿಳಿಯಲಿಲ್ಲ. ಅತ್ತಿಗೆ ನನ್ನ ಮುಂಗೈ ಗಟ್ಟಿಯಾಗಿ ಹಿಡಿದು, “ಅಯ್ಯೋ, ಒಂಟಿ ಸೀನು... ಅವಳದ್ದೇ ಕಣ್ರೀ” ಎಂದರು. ನಮ್ಮ ಕಡೆಯವರೆಲ್ಲ ಕಲ್ಲಾಗಿದ್ದರು. ಆಮೇಲೆ ಕಂಡಿತು: ಮಗಳ ಕೈಯಲ್ಲಿದ್ದ ಲಿಲ್ಲಿ ಹೂಗಳು ಇನ್ನೂ ಅಲುಗುತ್ತಿದ್ದವು. ಅವಳು ಮೂಗಿಗೆ ಕೈಯ ಹಿಂಬದಿ ಒತ್ತಿಕೊಂಡಿದ್ದಳು.

“ಬ್ಲೆಸ್ ಯೂ” ಎಂದ ಹುಡುಗ. “ಬ್ಲೆಸ್ ಯೂ, ಬ್ಲೆಸ್ ಯೂ” ಎಂದು ಅವನ ಕಡೆಯ ಬೆಂಚುಗಳೆಲ್ಲ ನಗುತ್ತ ಗೊಣಗಿದವು. ಶಕುನ ಕೆಟ್ಟಿತೆಂದು ಈ ಬದಿ ಉಸಿರು ಹಿಡಿದಿದ್ದರೆ, ಆ ಬದಿ ಆಶೀರ್ವಾದ ಮಾಡುತ್ತಿತ್ತು. ಅದೆಲ್ಲದರ ಮೇಲೆ ಇನ್ನೊಂದು ಮಾತು, ಕೋಣೆಯಾಚೆಗೆ ಕೂಗಿದಂತೆ ಜೋರಾಗಿ, ಕೇಳಿಸಿತು.

“ಚಿರಂಜೀವಿ!”

ನನ್ನ ಬಾಯಿಂದಲೇ ಬಂದಿತ್ತು. ಗಂಟಲು ನೋಯುತ್ತಿತ್ತು, ಆದ್ದರಿಂದ ಅದರಲ್ಲಿ ಅನುಮಾನವಿಲ್ಲ. ಮಗಳು ಗಕ್ಕನೆ ತಿರುಗಿದಳು. ಅವಳು ನೋಡಿದ್ದು ನನ್ನನ್ನಲ್ಲ, ನನ್ನ ಬಲಗಡೆಯ ಖಾಲಿ ಜಾಗವನ್ನು. ನೋಡುತ್ತ ನೋಡುತ್ತ ಅವಳ ಮುಖ ಅರಳಿತು, ಕಣ್ಣು ತುಂಬಿತು. ಕಾರಿನಲ್ಲಿ ಕೇಳಿದ ಪ್ರಶ್ನೆಯನ್ನು ಅವಳು ಮುಂದೆಂದೂ ನನ್ನ ಹತ್ತಿರ ಎತ್ತಲಿಲ್ಲ.

ಪಾದ್ರಿಗೆ ಕನ್ನಡ ಎಲ್ಲಿ ಬರಬೇಕು? ನನ್ನನ್ನೇ ನೋಡುತ್ತ, ಮೆಲ್ಲಗೆ, ಅದು ಆಕ್ಷೇಪಣೆಯೇ ಎಂದು ಕೇಳಿದರು.

“ನೋ, ಮದರ್” ಎಂದೆ.

ಮನೆಯಲ್ಲಿ ಆ ಸದ್ದು ಈಗಲೂ ಇದೆ. ಫರ್ನೇಸ್ ಬದಲಾಯಿಸಿದರೂ ಹೋಗಲಿಲ್ಲ. ನಾನು ಟಾರ್ಚ್ ಹಿಡಿದು ಹುಡುಕಲು ಹೋಗುವುದನ್ನು ಬಿಟ್ಟಿದ್ದೇನೆ. ಕೇಳಿಸಿದಾಗ, ಯಾವ ಕೋಣೆಯಲ್ಲಿದ್ದರೂ ಅಲ್ಲಿಂದಲೇ ಚಿರಂಜೀವಿ ಎಂದು ಕೂಗುತ್ತೇನೆ. ಸತ್ತವಳಿಗೆ ಹಾಗೆ ಹೇಳಬಹುದೋ ಇಲ್ಲವೋ ನನಗೆ ಗೊತ್ತಿಲ್ಲ. ಬೇಡ ಎಂದು ಅವಳೂ ಇದುವರೆಗೆ ಹೇಳಿಲ್ಲ.