ಐವತ್ತೇಳು ಕಿಲೋದ ಬೀರಸಿದ್ದಪ್ಪ

ಮೇಲವಂಕಿಯ ಬೀರಸಿದ್ದಪ್ಪ ಸೈಕಲ್ ತುಳಿದೇ ಹೊಟ್ಟೆ ಹೊರೆಯುತ್ತಾನೆ ಎಂದರೆ, ಹೊಸಬರು ಅವನು ಹಾಲು ಹಾಕುತ್ತಾನೋ ಪೇಪರ್ ಹಾಕುತ್ತಾನೋ ಎಂದು ಕೇಳುತ್ತಿದ್ದರು. ಅವನು ಹಾಕುತ್ತಿದ್ದದ್ದು ಬೆವರು ಮಾತ್ರ. ಹುಕ್ಕೇರಿಯ ಟ್ರ್ಯಾಕ್ಟರ್ ವ್ಯಾಪಾರಿ ಶೆಟ್ಟೆಪ್ಪ ಸಾವಕಾರರು ನಾಲ್ಕು ಜನರ ರೇಸ್ ತಂಡ ಕಟ್ಟಿದ್ದರು. ಅದರಲ್ಲಿ ಬೀರಸಿದ್ದಪ್ಪ ತಿಂಗಳ ಪಗಾರದ ಸವಾರ. ತಂಡದ ಅಂಗಿಯ ಎದೆಯ ಮೇಲೆ ಟ್ರ್ಯಾಕ್ಟರಿನ ಚಿತ್ರ ಬರಬೇಕಿತ್ತು. ಸಾವಕಾರರು ಎರಡು ದಿನ ವಿಚಾರ ಮಾಡಿ ತಮ್ಮ ಮುಖವನ್ನೇ ಹಾಕಿಸಿದ್ದರು.

ಬೀರಸಿದ್ದಪ್ಪನದು ಕುರಿ ಕಾಯ್ದ ಮನೆತನ. ಇಪ್ಪತ್ತಾರು ವಯಸ್ಸು, ಎಪ್ಪತ್ತೆರಡು ಕಿಲೋ ತೂಕ, ಒರಳುಕಲ್ಲಿನಂಥ ತೊಡೆ. ಸಪಾಟು ರಸ್ತೆಯಲ್ಲಿ ಎದುರುಗಾಳಿಗೆ ಎದೆಕೊಟ್ಟು ಅವನು ಹೊರಟನೆಂದರೆ ಹಿಂದಿನವರಿಗೆ ಅವನ ಬೆನ್ನು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ತೊಂದರೆ ಇದ್ದದ್ದು ಏರಿನಲ್ಲಿ. ಗೋಕಾಕದಿಂದ ಫಾಲ್ಸಿಗೆ ಹೋಗುವ ಏರು ಶುರುವಾದ ಕೂಡಲೇ ಅರಭಾವಿಯ ತೋಟಗಾರಿಕೆ ಕಾಲೇಜಿನ ಅಭಿಷೇಕ ಎಂಬ ಐವತ್ನಾಲ್ಕು ಕಿಲೋದ ವಿದ್ಯಾರ್ಥಿ, ಹುಣಸೆಮರಕ್ಕೆ ಅಳಿಲು ಏರಿದಂತೆ, ಪಕ್ಕದಿಂದ ಏರಿ ಹೋಗಿಬಿಡುತ್ತಿದ್ದ. ಅದೂ ಬಾಯಿ ಮುಚ್ಚಿಕೊಂಡು, ಮೂಗಿನಲ್ಲಿ ಉಸಿರಾಡುತ್ತ. ಬೀರಸಿದ್ದಪ್ಪನಿಗೆ ಸೋತದ್ದಕ್ಕಿಂತ ಆ ಮೂಗಿನ ಉಸಿರೇ ಹೆಚ್ಚು ಚುಚ್ಚಿತ್ತು.

ತಂಡದ ಗುರು ಮೂಡಲಗಿಯ ಗುರುಪಾದ ಸರ್. ಹೈಸ್ಕೂಲಿನಲ್ಲಿ ಆಟದ ಮಾಸ್ತರರಾಗಿ ನಿವೃತ್ತರಾದವರು. ಸ್ವಂತ ತೂಕ ತೊಂಬತ್ತಾರು ಕಿಲೋ. ಸವಾರರ ಹಿಂದೆ ಸ್ಕೂಟರಿನಲ್ಲಿ ಬರುತ್ತಿದ್ದರು. ಏರಿನಲ್ಲಿ ಸ್ಕೂಟರಿನ ನರಳಾಟವೇ ಸವಾರರಿಗೆ ಸೀಟಿ. ಮೊಬೈಲಿನಲ್ಲಿ ಫ್ರಾನ್ಸಿನ ದೊಡ್ಡ ರೇಸುಗಳನ್ನು ನೋಡಿ ನೋಡಿ ಅವರಿಗೆ ಒಂದು ಜ್ಞಾನೋದಯವಾಗಿತ್ತು.

ಒಂದು ಬೆಳಿಗ್ಗೆ ಬೀರಸಿದ್ದಪ್ಪನನ್ನು ಕೂಡಿಸಿಕೊಂಡು ಡೈರಿಯಲ್ಲಿ ಒಂದು ಗೆರೆ ಎಳೆದರು. ಮೇಲೆ ಮುನ್ನೂರು, ಕೆಳಗೆ ಎಪ್ಪತ್ತೆರಡು.

"ಮ್ಯಾಲಿಂದು ನಿನ್ನ ಕಾಲಿನ ಶಕ್ತಿ. ಬೆಳಗಾವಿಯಾಗ ಮಷಿನ್ ಮ್ಯಾಲ ಅಳೆಸಿದ್ವಲ್ಲ, ಮುನ್ನೂರು ವ್ಯಾಟ್. ಕೆಳಗಿಂದು ನಿನ್ನ ತೂಕ. ಭಾಗಿಸಿದ್ರ ಬರೋ ಉತ್ತರ ಎಷ್ಟು ದೊಡ್ಡದೋ ಅಷ್ಟು ಜಲ್ದಿ ಏರು ಹತ್ತತಿ. ಈಗ ಹೇಳು, ಉತ್ತರ ದೊಡ್ಡದಾಗಬೇಕಾದ್ರ ಏನ್ ಮಾಡಬೇಕು?"

"ಕೆಳಗಿಂದು ಸಣ್ಣದಾಗಬೇಕ್ರಿ ಸರ."

"ನೋಡು, ನಾಲ್ಕನೇ ಇಯತ್ತೆ ಗಣಿತ. ಇಷ್ಟಕ್ಕ ಫ್ರಾನ್ಸಿನ್ಯಾಗ ಡಾಕ್ಟರ್ ಇಟಗೊಂಡಾರ!"

ಅಂದಿನಿಂದ ಬೀರಸಿದ್ದಪ್ಪನ ತಟ್ಟೆಯ ಮೇಲೆ ಗಣಿತ ಬಂದು ಕೂತಿತು. ನಾಲ್ಕು ರೊಟ್ಟಿ ಎರಡಾದವು, ಎರಡು ಒಂದಾಯಿತು, ಒಂದು ಅರ್ಧವಾಯಿತು. ಶೇಂಗಾ ಹಿಂಡಿ ಹೋಯಿತು, ಬೆಣ್ಣೆ ಹೋಯಿತು. ಗೋಕಾಕದ ಕರದಂಟಿನ ಅಂಗಡಿಗಳ ಮುಂದೆ ಸೈಕಲ್ ತುಳಿಯುವಾಗ, ಎದುರಿಗೆ ಅಪಘಾತ ಕಂಡವರಂತೆ ಮುಖ ತಿರುಗಿಸುತ್ತಿದ್ದ. ಹೆಂಡತಿ ಸುವರ್ಣಾ ಮೊದಮೊದಲು ನಕ್ಕಳು, ಆಮೇಲೆ ಜಗಳವಾಡಿದಳು, ಕೊನೆಗೆ ಒಂದು ದಿನ ಅವನ ಪಾಲಿನ ರೊಟ್ಟಿಯನ್ನು ಅವನ ಎದುರಿಗೇ ಎಮ್ಮೆಗೆ ಹಾಕಿದಳು. "ಇದಕ್ಕರೆ ಏರು ಹತ್ತೋ ಚಿಂತಿಲ್ಲ, ಸುಮ್ನ ತಿಂತೈತಿ," ಎಂದಳು.

ಪ್ರತಿ ಸೋಮವಾರ ಹುಕ್ಕೇರಿಯಲ್ಲಿ ತೂಕ. ಸಾವಕಾರರ ಅಂಗಡಿಯ ಬಾಜೂ ಅವರ ಅಳಿಯನದೇ ಗೊಬ್ಬರದ ಅಂಗಡಿ ಇತ್ತು. ಅಲ್ಲಿನ ಕಾಟಾದ ಮೇಲೆ ಬೀರಸಿದ್ದಪ್ಪ ಚಡ್ಡಿಯಲ್ಲಿ ನಿಲ್ಲುತ್ತಿದ್ದ. ಯೂರಿಯಾ ಒಯ್ಯಲು ಬಂದ ರೈತರು ಸುತ್ತ ನಿಂತು ನೋಡುತ್ತಿದ್ದರು. ಅರವತ್ತೆಂಟು. ಅರವತ್ತಾರು. ಅರವತ್ನಾಲ್ಕು. ಒಬ್ಬ ಮುದುಕ ಮೂರು ವಾರ ನೋಡಿ, "ಈ ಚೀಲ ಎಲ್ಲೋ ಸೋರಾಕತ್ತೈತ್ರಿ," ಎಂದ.

ಅರವತ್ನಾಲ್ಕಕ್ಕೆ ಬಂದಾಗ ಮಾತ್ರ ಎಲ್ಲರ ಬಾಯಿ ಬಂದ್ ಆಯಿತು. ಮೊದಲು ಹದಿನೇಳು ನಿಮಿಷ ಹಿಡಿಯುತ್ತಿದ್ದ ಏರನ್ನು ಬೀರಸಿದ್ದಪ್ಪ ಹದಿನೈದೂವರೆಯಲ್ಲಿ ಹತ್ತಿದ! ಗುರುಪಾದ ಸರ್ ಮೂಡಲಗಿಯ ತುಂಬ ಪೇಡೆ ಹಂಚಿದರು. ಬೀರಸಿದ್ದಪ್ಪನಿಗೆ ಮಾತ್ರ ಕೊಡಲಿಲ್ಲ. ಅಲ್ಲಿಗೆ ನಿಲ್ಲಿಸಿದ್ದರೆ ಇದು ಒಳ್ಳೆಯ ಗುರುಶಿಷ್ಯರ ಕಥೆಯಾಗುತ್ತಿತ್ತು. ಆದರೆ ಎಂಟು ಕಿಲೋ ಇಳಿಸಿದ್ದರಿಂದ ಇಷ್ಟು ಬಂತೆಂದರೆ ಹದಿನೈದು ಇಳಿಸಿದರೆ ಎಷ್ಟು ಬಂದೀತು? ಗುರು ಹೇಳಲಿಲ್ಲ, ಶಿಷ್ಯನೇ ಕೇಳಿದ. ತೂಕ ಇಳಿಸುವುದಕ್ಕೂ ಒಂದು ಅಮಲಿದೆ. ಕಾಟಾದ ಕೆಂಪು ಅಂಕಿ ಇಳಿದಾಗಲೆಲ್ಲ ಅವನಿಗೆ ರೇಸು ಗೆದ್ದಷ್ಟೇ ಖುಷಿಯಾಗುತ್ತಿತ್ತು, ತುಳಿಯುವ ತ್ರಾಸೂ ಇರಲಿಲ್ಲ.

ಮೀಸೆ ಬೋಳಿಸಿದ. ಸೈಕಲ್ಲಿನ ಬಾಟಲಿ ಬಿಚ್ಚಿಟ್ಟ. ಅರವತ್ತೊಂದು. ಐವತ್ತೊಂಬತ್ತು. ರಾತ್ರಿಯಿಡೀ ಕಾಲು ತಣ್ಣಗೆ, ಹಗಲೆಲ್ಲ ಸಿಟ್ಟು ಬಿಸಿ. ಏರು ಮತ್ತೆ ಹದಿನೇಳು ನಿಮಿಷಕ್ಕೆ ಬಂತು. ಸರ್ ಡೈರಿ ತೆಗೆದು ಭಾಗಿಸಿ ನೋಡಿ, "ಲೆಕ್ಕದ ಪ್ರಕಾರ ನೀ ಇವತ್ತ ದಾಖಲೆ ಮಾಡೀದಿ. ಗಡಿಯಾರ ಕೆಟ್ಟಿರಬೇಕು," ಎಂದರು. ಮೇಲಿನ ಮುನ್ನೂರು ಇನ್ನೂ ಮುನ್ನೂರೇ ಇದೆಯೇ ಎಂದು ಮತ್ತೊಮ್ಮೆ ಅಳೆಸುವ ವಿಚಾರ ಇಬ್ಬರಿಗೂ ಬರಲಿಲ್ಲ. ಒಮ್ಮೆ ಬರೆದ ಅಂಕಿ ಅಲ್ಲವೇ, ಎಲ್ಲಿ ಹೋಗುತ್ತದೆ!

ಮೊದಲು ಆಕ್ಷೇಪ ಎತ್ತಿದವರು ಶೆಟ್ಟೆಪ್ಪ ಸಾವಕಾರರು. ಬೀರಸಿದ್ದಪ್ಪನ ಎದೆ ಒಳಗೆ ಹೋದಂತೆಲ್ಲ ಅಂಗಿಯ ಮೇಲಿನ ಅವರ ಮುಖವೂ ಮುದುಡಿ, ಕೆನ್ನೆ ಕುಸಿದು, ಒಂದು ಕಣ್ಣು ಬಗಲಿಗೆ ಜಾರಿತ್ತು.

"ಏನ್ರಿ ಮಾಸ್ತರ, ಮಂದಿ ನನಗ ಆರಾಮಿಲ್ಲೇನ ಅಂತ ಫೋನ್ ಮಾಡಾಕತ್ತಾರ! ಬೀಗರು ಹಣ್ಣು ತಗೊಂಡ ಬಂದಿದ್ರು."

ಸರ್ ಅಂಗಿಯನ್ನು ಸಣ್ಣ ಮಾಡಿಸಿದರು.

ಜೂನ್ ತಿಂಗಳಿನಲ್ಲಿ ರೇಸು ಬಂತು. ಹುಕ್ಕೇರಿಯಿಂದ ಮೂಡಲಗಿ, ಅಲ್ಲಿಂದ ತಿರುಗಿ ಗೋಕಾಕ, ಕೊನೆಗೆ ಫಾಲ್ಸ್ ಏರು. ಅಂದು ಬೆಳಿಗ್ಗೆ ಕಾಟಾ ಐವತ್ತೇಳು ತೋರಿಸಿತು. ಬೀರಸಿದ್ದಪ್ಪ ಅರ್ಧ ಲೋಟ ಚಹಾ ಕುಡಿದು ಗೆಲ್ಲಲು ಹೊರಟ.

ಮೂಡಲಗಿಯವರೆಗೆ ಹೇಗೋ ಗುಂಪಿನಲ್ಲಿ ಅಡಗಿ ಬಂದ. ತಿರುಗಿದ ಕೂಡಲೇ ಪಡುವಣ ಗಾಳಿ ಎದುರಿಗೆ ನಿಂತಿತು. ಗಾಳಿಗೆ ಯಾರ ಭಾಗಾಕಾರವೂ ಗೊತ್ತಿರಲಿಲ್ಲ. ಹಿಂದೆ ಇದೇ ರಸ್ತೆಯಲ್ಲಿ ಅವನು ಗಾಳಿಯನ್ನು ಸೀಳಿದ್ದ. ಈಗ ಗಾಳಿ ಅವನನ್ನು ಒಣಹಾಕಿದ ಪಂಜೆಯಂತೆ ಬಡಿಯಿತು. ಗುಂಪು ಮುಂದೆ ಹೋಯಿತು. ಅಭಿಷೇಕ ಹಾದುಹೋಗುವಾಗ ಒಮ್ಮೆ ತಿರುಗಿ ನೋಡಿ, "ಅಣ್ಣಾ, ಆರಾಮ ಅದಿಯಿಲ್ಲೋ?" ಎಂದು ಕೇಳಿದ. ಅಂದು ಮೊದಲ ಬಾರಿಗೆ ಆ ಹುಡುಗನ ಬಾಯಿ ತೆರೆದದ್ದು ಕಂಡಿತು.

ಏರಿನ ಎರಡನೇ ತಿರುವಿನಲ್ಲಿ ಕಾಲು ನಿಂತೇ ಹೋಯಿತು. ನೋವಿಲ್ಲ, ಸೆಳೆತವಿಲ್ಲ, ಒಲೆಯಲ್ಲಿ ಕಟ್ಟಿಗೆ ಮುಗಿದಂತೆ. ಅವನು ಸೈಕಲ್ ಸಮೇತ ರಸ್ತೆ ಬದಿಯ ಹುಲ್ಲಿಗೆ ಒರಗಿದ. ರೇಸು ನೋಡಲು ಬಂದಿದ್ದ ಅವ್ವ ಸಾವಿತ್ರವ್ವ ಮತ್ತು ಸುವರ್ಣಾ ಅದೇ ತಿರುವಿನಲ್ಲಿದ್ದರು. ಅವ್ವ ಅಳಲಿಲ್ಲ. ಮಗನ ಪಕ್ಕೆಲುಬಿನ ಮೇಲೆ, ಕುರಿ ಕೊಳ್ಳುವವರು ನೋಡುವಂತೆ, ಕೈಯಾಡಿಸಿದಳು.

"ಯಪ್ಪಾ, ನಿಮ್ಮಪ್ಪನ ಜೋಡಿ ಮೂವತ್ತ ವರ್ಷ ಗುಡ್ಡದಾಗ ಕುರಿ ಕಾಯ್ದೇನಿ. ಕೊಬ್ಬಿದ ಕುರಿ ತಡದ ಏರತೈತಿ, ಖರೆ. ಆದ್ರ ಸೊರಗಿದ ಕುರಿ ಏರೋದಽ ಇಲ್ಲ. ಅದನ್ನ ಹೆಗಲ ಮ್ಯಾಲ ಹೊತಗೊಂಡ ಹೋಗಬೇಕಾಗತೈತಿ."

ಹೊತ್ತುಕೊಂಡೇ ಹೋದರು. ಗೋಕಾಕದ ದವಾಖಾನೆಯಲ್ಲಿ ಡಾಕ್ಟರ್ ಶೈಲಾಬಾಯಿ ಅವನ ರಕ್ತದ ರಿಪೋರ್ಟು ನೋಡಿ, ಬಾಗಿಲಲ್ಲಿ ಒರಗಿಸಿದ್ದ ಸೈಕಲ್ಲಿನತ್ತ ಕೈಮಾಡಿ ಕೇಳಿದರು: "ಅದು ಕಬ್ಬಿಣದ್ದೇನ್ರಿ?"

"ಅಲ್ರಿ, ಕಾರ್ಬನ್," ಎಂದರು ಗುರುಪಾದ ಸರ್ ಹೆಮ್ಮೆಯಿಂದ. "ಬರೇ ಏಳು ಕಿಲೋ."

"ಹಂಗಾದ್ರ ಕಬ್ಬಿಣ ಅದರಾಗೂ ಇಲ್ಲ, ಇವನ ರಕ್ತದಾಗೂ ಇಲ್ಲ. ಮೊದಲ ಬೊಜ್ಜು ಇಳದೈತಿ, ಅದು ಚಲೋನ ಆತು. ಆಮ್ಯಾಲ ಇಳದದ್ದು ತೊಡಿ ಮಾಂಸ. ಎಂಜಿನ್ ಬಿಚ್ಚಿ ಒಗದು ಗಾಡಿ ಹಗರಾತು ಅಂದಂಗ."

ಸರ್ ಡೈರಿ ತೆಗೆಯಹೋದರು. ಸುವರ್ಣಾ ನೋಡಿದ ನೋಟಕ್ಕೆ ಅದು ತಾನಾಗಿ ಚೀಲದೊಳಗೆ ಇಳಿಯಿತು.

ಮೂರು ತಿಂಗಳು ಸೈಕಲ್ ಗೋಡೆಗೆ ಒರಗಿತ್ತು. ಬೀರಸಿದ್ದಪ್ಪ ತಿಂದ, ಮಲಗಿದ, ಸುವರ್ಣಾಳ ಕಣ್ಣು ತಪ್ಪಿಸಿ ನಾಚುತ್ತ ಮೀಸೆ ಬೆಳೆಸಿದ. ಅರವತ್ತಾರಕ್ಕೆ ತೂಕ ತಾನಾಗಿ ನಿಂತಿತು. ಮತ್ತೆ ನಾಲ್ಕು ತಿಂಗಳು ತುಳಿದು, ಬೆಳಗಾವಿಗೆ ಹೋಗಿ ಶಕ್ತಿ ಅಳೆಸಿಕೊಂಡು ಬಂದ. ಈ ಸಲ ತಾನೊಬ್ಬನೇ ಹೋಗಿದ್ದ. ಹಳೆಯ ಮುನ್ನೂರು ಮರಳಿ ಬಂದಿತ್ತು. ಆದರೆ ಅವನಿಗೆ ಇನ್ನೊಂದು ಮಾತೂ ತಿಳಿದಿತ್ತು: ಅಭಿಷೇಕನ ಎಲುಬೇ ಸಣ್ಣದು. ತನ್ನದು ಕಂಬಳಿ ಹೊರುವ ಎಲುಬು. ಉಪವಾಸ ಮಾಡಿ ಎಲುಬು ಕರಗಿಸಲಾಗದು.

ಮರುವರ್ಷ ಸಾವಕಾರರು ಅಭಿಷೇಕನನ್ನೂ ತಂಡಕ್ಕೆ ತೆಗೆದುಕೊಂಡರು. ಆ ವರ್ಷದ ರೇಸಿನಲ್ಲಿ ಮೂಡಲಗಿಯಿಂದ ಗೋಕಾಕದವರೆಗೆ ಗಾಳಿಯನ್ನೆಲ್ಲ ಬೀರಸಿದ್ದಪ್ಪ ತಾನೇ ನುಂಗಿದ. ಅವನ ಬೆನ್ನ ಹಿಂದೆ ಅಭಿಷೇಕ, ತೊಟ್ಟಿಲಲ್ಲಿ ಇದ್ದಂತೆ, ಬೆವರದೆ ಬಂದ. ಏರಿನ ಬುಡದಲ್ಲಿ ಬೀರಸಿದ್ದಪ್ಪ ಬದಿಗೆ ಸರಿದು, "ಹೋಗಪಾ, ಇಲ್ಲಿಂದ ನಿಂದು," ಎಂದ. ಅಭಿಷೇಕ ಗೆದ್ದ. ಬೀರಸಿದ್ದಪ್ಪ ತನ್ನ ಪಾಡಿಗೆ ತುಳಿದು ಹನ್ನೊಂದನೆಯವನಾಗಿ ಬಂದ. ಹಿಂದೆ ಮೊದಲ ಸ್ಥಾನ ಬಂದಾಗಲೂ ಅವನು ಅಷ್ಟು ನಕ್ಕಿರಲಿಲ್ಲ.

ಬಹುಮಾನದ ಹಾರ ಇನ್ನೂ ಕೊರಳಲ್ಲಿರುವಾಗಲೇ ಗುರುಪಾದ ಸರ್ ಅಭಿಷೇಕನ ಬಳಿ ಬಂದು, "ಐವತ್ನಾಲ್ಕು ಆತು. ಐವತ್ತು ಮಾಡಿದ್ರ..." ಎಂದು ಶುರುಮಾಡಿದರು. ಬೀರಸಿದ್ದಪ್ಪ ನಡುವೆ ಬಂದು ನಿಂತ. ಆ ಅಗಲದ ಮೈ ನಡುವೆ ನಿಂತರೆ ಆಚೆಯವನು ಕಾಣುತ್ತಿರಲಿಲ್ಲ.

"ಸರ, ನೀವು ನಮ್ಮ ಗುರುಗಳು. ಕಾಲಿಗೆ ಬೀಳತೇನಿ. ಆದ್ರ ಈ ಹುಡುಗನ ತಾಟಿನ ತಂಟೆಕ ಬರಬ್ಯಾಡ್ರಿ."

ಸರ್ ಹದಿನೈದು ದಿನ ಮುನಿಸಿಕೊಂಡರು. ಹದಿನಾರನೆಯ ದಿನ ಮುಖವರಳಿಸಿಕೊಂಡು ಹುಕ್ಕೇರಿಗೆ ಬಂದರು. ಮೊಬೈಲಿನಲ್ಲಿ ಹೊಸದೊಂದು ಸಿಕ್ಕಿತ್ತು: ದೊಡ್ಡ ಸವಾರರೆಲ್ಲ ಮಧ್ಯಾಹ್ನ ಎರಡು ತಾಸು ಮಲಗುತ್ತಾರಂತೆ, ಏರು ಹತ್ತುವ ಗುಟ್ಟು ಇರುವುದೇ ಆ ನಿದ್ದೆಯಲ್ಲಂತೆ.

ಬೀರಸಿದ್ದಪ್ಪ ಒಂದು ಮಾತೂ ಎದುರಾಡದೆ ಕಂಬಳಿ ಹಾಸಿದ.